ದುಡ್ಡು ಹೋಯ್ತಾ, ಇಲ್ಲಾ ಲೇಟಾ?

(ಬೆಂಗಳೂರಿನಲ್ಲಿ ಸಣ್ಣ ಕಂಪನಿ ನಡೆಸುವವರ ಒಂದು ಕೂಟದಲ್ಲಿ, ಸೇವೆ ಕೆಟ್ಟಾಗ ಕಂಪನಿ ತನ್ನ ಗ್ರಾಹಕರಿಗೆ ಏನು ಬರೆಯಬೇಕು ಅನ್ನುವುದರ ಬಗ್ಗೆ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕೆಲವು ವರ್ಷಗಳ ಹಿಂದೆ ನಾನು ಅಂಗಡಿಯವರಿಗೆ ಹಣ ಪಾವತಿಯ ಸೇವೆ ಕೊಡುವ ಒಂದು ಕಂಪನಿಯಲ್ಲಿದ್ದೆ. ಕಂಪನಿಯ ಪರವಾಗಿ ಹೊರಗೆ ಹೋಗುವ ಮಾತನ್ನೆಲ್ಲ ಬರೆಯುವುದು ನನ್ನ ಕೆಲಸ. ಒಂದು ಶನಿವಾರ ಸಂಜೆ ನಮ್ಮ ಸೆಟ್ಲ್‌ಮೆಂಟ್ ನಿಂತುಹೋಯಿತು. ಗಿರಾಕಿಗಳು ಸ್ಕ್ಯಾನ್ ಮಾಡಿ ದುಡ್ಡು ಕೊಡುತ್ತಿದ್ದಾರೆ, ಅದು ಅಂಗಡಿಯವರ ಖಾತೆಗೆ ಹೋಗುತ್ತಿಲ್ಲ. ನಾವು ಆರೇಳು ಜನ ಎರಡು ಗಂಟೆ ಕೂತು ಒಂದು ಸಾಲು ಬರೆದೆವು. ಬರೆದದ್ದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಹೇಳಿದರೆ ಹೀಗಿತ್ತು: "ತಾಂತ್ರಿಕ ಕಾರಣಗಳಿಂದ ಕೆಲವು ವ್ಯವಹಾರಗಳಲ್ಲಿ ವಿಳಂಬ ಉಂಟಾಗಿದೆ. ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ."

ರಾತ್ರಿ ಹತ್ತರ ಸುಮಾರಿಗೆ ಫೋನ್ ಕೆಲಸಕ್ಕೆ ಜನ ಸಾಲದೆ ನಾನೂ ಕೂತೆ. ಕೋಲಾರದ ಕಡೆಯ ಒಬ್ಬ ತರಕಾರಿ ವ್ಯಾಪಾರಿ ಸಿಕ್ಕರು. ನಾನು ನಮ್ಮ ಆ ಸಾಲನ್ನೇ ಕನ್ನಡದಲ್ಲಿ ಓದಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕೇಳಿದರು: "ಮೇಡಂ, ದುಡ್ಡು ಹೋಯ್ತಾ, ಇಲ್ಲಾ ಲೇಟಾ? ಅದೊಂದು ಹೇಳಿ ಸಾಕು. ಬೆಳಿಗ್ಗೆ ಮಂಡಿಯಲ್ಲಿ ದುಡ್ಡು ಕೊಡ್ಬೇಕು."

ದುಡ್ಡು ಹೋಗಿರಲಿಲ್ಲ. ಬ್ಯಾಂಕಿನಲ್ಲಿ ಸುರಕ್ಷಿತವಾಗಿತ್ತು. ನಮ್ಮ ಇಂಜಿನಿಯರುಗಳಿಗೆ ಅದು ಏಳೂವರೆಗೇ ಗೊತ್ತಿತ್ತು. ಆದರೆ ನನಗೆ ಹಾಗೆ ಹೇಳುವ ಅನುಮತಿ ಇರಲಿಲ್ಲ. ಪ್ರಕಟಣೆಯಲ್ಲಿ ಆ ಮಾತು ಇರಲಿಲ್ಲವಲ್ಲ. "ವಿಚಾರಿಸಿ ತಿಳಿಸ್ತೀವಿ ಸರ್" ಅಂದೆ. ಅವರು ಫೋನ್ ಇಟ್ಟರು.

ಆವತ್ತಿನಿಂದ ಯಾವ ಕಂಪನಿಯ ಪ್ರಕಟಣೆ ನೋಡಿದರೂ ನಾನು ಮೊದಲು ಹುಡುಕುವುದು ಅದನ್ನೇ. ಇದನ್ನು ಓದಿದವರಿಗೆ ಮುಂದಿನ ಹೆಜ್ಜೆ ಏನು ಅಂತ ಗೊತ್ತಾಗುತ್ತಾ? ಹೋಯ್ತಾ, ಲೇಟಾ? ಕ್ಷಮೆ ಆಮೇಲೆ ಕೇಳಬಹುದು. ಕಾರಣ ಆಮೇಲೆ ಹೇಳಬಹುದು. ಇವತ್ತು ನಾನು ಹೇಳುವುದೆಲ್ಲ ಈ ಒಂದು ಪ್ರಶ್ನೆಯ ಸುತ್ತವೇ.

ಇದನ್ನು ಚೆನ್ನಾಗಿ ಮಾಡಿದವರ ಕಥೆ ಮೊದಲು ಹೇಳುತ್ತೇನೆ. ಸ್ವಲ್ಪ ಉದ್ದ ಇದೆ.

ಗಿಟ್‌ಲ್ಯಾಬ್ ಅಂತ ಒಂದು ಕಂಪನಿ. ಪ್ರೋಗ್ರಾಮರುಗಳು ತಾವು ಬರೆದ ಕೋಡನ್ನು ಇಟ್ಟುಕೊಳ್ಳುವ ಜಾಗ. 2017ರ ಜನವರಿ 31ರ ರಾತ್ರಿ. ಅಲ್ಲಿ ಎರಡು ಡೇಟಾಬೇಸ್ ಸರ್ವರ್ ಇದ್ದವು. ಒಂದು ಮುಖ್ಯ, ಇನ್ನೊಂದು ಅದರ ನಕಲು. ಸ್ಪ್ಯಾಮ್ ಕಾಟದಿಂದ ಲೋಡ್ ಜಾಸ್ತಿಯಾಗಿ ನಕಲು ಹಿಂದೆ ಬಿದ್ದಿತ್ತು. ಅದನ್ನು ಸರಿ ಮಾಡಲು ಒಬ್ಬ ಇಂಜಿನಿಯರ್ ತಡರಾತ್ರಿವರೆಗೆ ಒದ್ದಾಡುತ್ತಿದ್ದರು. ನಕಲಿನಲ್ಲಿರುವುದನ್ನೆಲ್ಲ ಅಳಿಸಿ ಹೊಸದಾಗಿ ತುಂಬೋಣ ಅಂತ ಅಳಿಸುವ ಕಮಾಂಡ್ ಕೊಟ್ಟರು. ಒಂದೆರಡು ಸೆಕೆಂಡಿನಲ್ಲಿ ಗೊತ್ತಾಯಿತು, ತಾವು ಅಳಿಸುತ್ತಿರುವುದು ಮುಖ್ಯ ಸರ್ವರಿನಲ್ಲಿ ಅಂತ. ನಿಲ್ಲಿಸಿದರು. ಸುಮಾರು 300 ಜಿಬಿ ಡೇಟಾದಲ್ಲಿ ಉಳಿದಿದ್ದು 4.5 ಜಿಬಿ.

ಈ ತಪ್ಪು ಯಾರ ಕೈಯಿಂದಲಾದರೂ ಆಗಬಹುದು. ಆಮೇಲೆ ಅವರು ಮಾಡಿದ್ದನ್ನು ನೋಡಿ. ಪ್ರೊಡಕ್ಷನ್ ಡೇಟಾವನ್ನು, ಅಂದರೆ ಬಳಕೆದಾರರ ನಿಜವಾದ ಡೇಟಾವನ್ನು, ನಾವು ಆಕಸ್ಮಿಕವಾಗಿ ಅಳಿಸಿದ್ದೇವೆ, ಬ್ಯಾಕಪ್‌ನಿಂದ ತರಬೇಕಾಗಬಹುದು ಅಂತ ಟ್ವಿಟರಿನಲ್ಲಿ ಹಾಕಿದರು. ಜೊತೆಗೆ ಒಂದು ಗೂಗಲ್ ಡಾಕ್ಸ್ ಲಿಂಕ್. ಅದು ಅವರ ಇಂಜಿನಿಯರುಗಳು ಕೆಲಸ ಮಾಡುತ್ತಾ ಟಿಪ್ಪಣಿ ಬರೆದುಕೊಳ್ಳುತ್ತಿದ್ದ ಕಡತ. ಅದನ್ನೇ ಲೋಕಕ್ಕೆಲ್ಲ ತೆರೆದಿಟ್ಟರು. ಮಾತಾಡಿಕೊಳ್ಳುತ್ತಾ ರಿಪೇರಿ ಮಾಡುವುದನ್ನು ಯೂಟ್ಯೂಬಿನಲ್ಲಿ ಲೈವ್ ಬಿಟ್ಟರು. ಸಾವಿರಾರು ಜನ ನೋಡಿದರು.

ಬ್ಲಾಗಿನಲ್ಲಿ ಅವರು ಬರೆದದ್ದು ನನಗೆ ಇನ್ನೂ ಮುಖ್ಯ. ಅವರಲ್ಲಿ ಬ್ಯಾಕಪ್ ಮತ್ತು ನಕಲಿನ ಐದು ವ್ಯವಸ್ಥೆಗಳಿದ್ದವು. ಐದರಲ್ಲಿ ಒಂದೂ ನೆಚ್ಚಿಕೊಳ್ಳುವ ಹಾಗೆ ಕೆಲಸ ಮಾಡುತ್ತಿರಲಿಲ್ಲ ಅಂತ ಅವರೇ ಬರೆದರು. ಯಾರೂ ತನಿಖೆ ಮಾಡಿ ಬಯಲಿಗೆಳೆದದ್ದಲ್ಲ. ಇನ್ನೊಂದು ಕೆಲಸಕ್ಕೆ ಅಂತ ಸುಮಾರು ಆರು ಗಂಟೆ ಮೊದಲು ಒಬ್ಬರು ಕೈಯಾರೆ ತೆಗೆದಿಟ್ಟಿದ್ದ ಒಂದು ನಕಲಿತ್ತು. ಅದೇ ಕೊನೆಗೆ ಕೈ ಹಿಡಿಯಿತು. ಸುಮಾರು 18 ಗಂಟೆ ಸೇವೆ ನಿಂತಿತ್ತು.

ಈಗ ನಮ್ಮ ಕೋಲಾರದ ಪ್ರಶ್ನೆಗೆ ಬನ್ನಿ. ಹೋಯ್ತಾ, ಲೇಟಾ? ಗಿಟ್‌ಲ್ಯಾಬ್ ಅದಕ್ಕೆ ಗೆರೆ ಎಳೆದ ಹಾಗೆ ಉತ್ತರ ಕೊಟ್ಟಿತು. ನಿಮ್ಮ ಕೋಡ್ ಹೋಗಿಲ್ಲ. ಆದರೆ ಜನವರಿ 31ರಂದು, ಯುಟಿಸಿ ಅನ್ನುವ ಜಾಗತಿಕ ಸಮಯದ ಲೆಕ್ಕದಲ್ಲಿ, ಸಂಜೆ 5.20ರಿಂದ ಮಧ್ಯರಾತ್ರಿವರೆಗೆ ಡೇಟಾಬೇಸಿಗೆ ಸೇರಿದ ಪ್ರಾಜೆಕ್ಟ್, ಕಾಮೆಂಟ್, ಹೊಸ ಖಾತೆ ಇಂಥವು ಹೋಗಿವೆ. ಸುಮಾರು 5,000 ಪ್ರಾಜೆಕ್ಟ್, 5,000 ಕಾಮೆಂಟ್, 700 ಬಳಕೆದಾರರಿಗೆ ಇದು ತಟ್ಟಿದೆ. ಓದಿದ ತಕ್ಷಣ ಒಬ್ಬ ಬಳಕೆದಾರನಿಗೆ ಗೊತ್ತಾಗುತ್ತದೆ. ಆ ಹೊತ್ತಿನಲ್ಲಿ ನಾನೇನಾದರೂ ಹಾಕಿದ್ದೆನಾ? ಹಾಕಿಲ್ಲ, ಸರಿ, ನಿದ್ದೆ ಮಾಡಬಹುದು. ಹಾಕಿದ್ದೆ, ಸರಿ, ಮತ್ತೆ ಬರೆಯಬೇಕು.

ಹತ್ತು ದಿನದ ನಂತರ, ಫೆಬ್ರವರಿ 10ರಂದು, ಪೂರ್ತಿ ಕಾರಣ ಬರೆದರು. ಅದರಲ್ಲಿ ಒಂದು ವಿವರ ನನಗೆ ಮರೆಯುವುದಿಲ್ಲ. ದಿನಾ ಆಗಬೇಕಿದ್ದ ಬ್ಯಾಕಪ್ ಎಷ್ಟೋ ಹೊತ್ತಿನಿಂದ ಆಗುತ್ತಲೇ ಇರಲಿಲ್ಲ, ಸಾಫ್ಟ್‌ವೇರಿನ ಹಳೆಯ ಆವೃತ್ತಿ ಬಳಸುತ್ತಿದ್ದರಿಂದ. ಆಗಿಲ್ಲ ಅಂತ ಎಚ್ಚರಿಸುವ ಇಮೇಲ್ ಹೊರಡುತ್ತಿತ್ತು. ಆದರೆ ಸರಿಯಾದ ಡಿಜಿಟಲ್ ಸಹಿ ಇಲ್ಲ ಅಂತ ಆ ಇಮೇಲನ್ನೇ ಅವರ ಮೇಲ್ ವ್ಯವಸ್ಥೆ ತಿರಸ್ಕರಿಸುತ್ತಿತ್ತು. ಬ್ಯಾಕಪ್ಪನ್ನು ಯಾಕೆ ಪರೀಕ್ಷಿಸಿ ನೋಡಿರಲಿಲ್ಲ? ಅದು ಯಾರ ಜವಾಬ್ದಾರಿ ಅಂತ ಗೊತ್ತು ಮಾಡಿರಲಿಲ್ಲ. ಇದನ್ನೂ ಅವರೇ ಬರೆದರು.

ಇಷ್ಟು ತೆರೆದಿಟ್ಟರೆ ಕಂಪನಿ ಮುಳುಗಬೇಕಿತ್ತು ಅಂತ ನಿಮಗೆ ಅನ್ನಿಸಬಹುದು. ಮುಳುಗಲಿಲ್ಲ. 2021ರಲ್ಲಿ ಅದು ಅಮೆರಿಕದ ನಾಸ್ಡಾಕ್ ಷೇರುಪೇಟೆಗೆ ಬಂತು. ಬ್ಲಾಗ್ ಬರೆದದ್ದರಿಂದಲೇ ಬಂತು ಅಂತ ನಾನು ಹೇಳುವುದಿಲ್ಲ. ಬರೆದದ್ದರಿಂದ ಸಾಯಲಿಲ್ಲ ಅಂತ ಖಂಡಿತ ಹೇಳುತ್ತೇನೆ. ಬೇರೆ ಕಂಪನಿಗಳ ಇಂಜಿನಿಯರುಗಳು ಆ ರಾತ್ರಿ ಬೈಯುವುದಕ್ಕಿಂತ ಧೈರ್ಯ ಹೇಳಿದ್ದೇ ಜಾಸ್ತಿ.

ಈಗ ಭಾಷೆಯ ಬಗ್ಗೆ ಒಂದು ಮಾತು. ನಮ್ಮ ಕನ್ನಡದಲ್ಲಿ "ಲಾಗಿದೆ" ಅಂತ ಒಂದು ಬಾಲ ಇದೆ. "ಸ್ಥಗಿತಗೊಳಿಸಲಾಗಿದೆ." "ಕ್ರಮ ಕೈಗೊಳ್ಳಲಾಗಿದೆ." "ಪರಿಶೀಲಿಸಲಾಗುತ್ತಿದೆ." ಸರ್ಕಾರಿ ಸುತ್ತೋಲೆಯಿಂದ ಬಂದು ಕಂಪನಿ ಬರಹದಲ್ಲೂ ಕೂತಿದೆ. ಈ ವಾಕ್ಯಗಳಲ್ಲಿ ಮಾಡಿದವರು ಯಾರು ಅಂತ ಹುಡುಕಿ. ಸಿಗುವುದಿಲ್ಲ. "ಉಂಟಾಗಿದೆ" ಅನ್ನುವುದಂತೂ ಇನ್ನೂ ಕಷ್ಟ. ಮಳೆ ಬಂದ ಹಾಗೆ, ತಪ್ಪು ತಾನೇ ಬಂತು ಅನ್ನುವ ಥರ. ನೀವು ಬರೆದದ್ದನ್ನು ಕಳಿಸುವ ಮೊದಲು ಒಂದು ಸಲ ಓದಿ, "ಲಾಗಿದೆ" ಇದ್ದ ಕಡೆಯೆಲ್ಲ "ನಾವು" ಹಾಕಿ. "ಡೇಟಾ ಅಳಿಸಲಾಗಿದೆ" ಅಲ್ಲ, "ನಾವು ಡೇಟಾ ಅಳಿಸಿಬಿಟ್ಟೆವು." ಬರೆಯುವಾಗ ಕೈ ನಡುಗುತ್ತದೆ. ನನಗೆ ಈಗಲೂ ನಡುಗುತ್ತದೆ. ಆದರೆ ಓದುವವರಿಗೆ ಆ ಕಡೆ ಒಬ್ಬ ಮನುಷ್ಯ ಇದ್ದಾನೆ ಅಂತ ಗೊತ್ತಾಗುವುದು ಆ "ನಾವು"ವಿನಿಂದಲೇ.

ಹಳೆಯ ಉದಾಹರಣೆ ಒಂದನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ. 2006ರ ಜೂನ್‌ನಲ್ಲಿ ಜಪಾನಿನ ಒಸಾಕಾದಲ್ಲಿ ಒಂದು ಡೆಲ್ ಲ್ಯಾಪ್‌ಟಾಪ್ ಹೊತ್ತಿ ಉರಿಯಿತು. ಫೋಟೋ ಎಲ್ಲ ಕಡೆ ಹರಡಿತು. ಜುಲೈನಲ್ಲಿ ಡೆಲ್ ತನ್ನ ಬ್ಲಾಗ್ ಶುರು ಮಾಡಿತು. ಶುರುವಾದ ಕೆಲವೇ ದಿನಕ್ಕೆ ಆ ಉರಿದ ಲ್ಯಾಪ್‌ಟಾಪ್ ಬಗ್ಗೆ ಅಲ್ಲೇ ಬರೆದರು. ಆಗಸ್ಟ್ 14ರಂದು 41 ಲಕ್ಷ ಬ್ಯಾಟರಿ ವಾಪಸ್ ಕರೆದಾಗ, ಗ್ರಾಹಕರು ವಿಚಾರಿಸಲು ಒಂದು ಜಾಗ ಆಗಲೇ ತಯಾರಿತ್ತು.

ಇನ್ನು ಮಾತಾಡದೆ ಕೂತರೆ ಏನಾಗುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ಮ್ಯಾಗಿ ನೆನಪಿದೆಯಲ್ವಾ? 2015. ಉತ್ತರ ಪ್ರದೇಶದಲ್ಲಿ ಒಂದು ಮಾದರಿಯಲ್ಲಿ ಸೀಸ ಸಿಕ್ಕಿತು ಅಂತ ಸುದ್ದಿ. ಮಿತಿ 2.5 ಪಿಪಿಎಂ, ಸಿಕ್ಕಿದ್ದು 17.2 ಅಂತ. ಮೇ ತಿಂಗಳಿಡೀ ಟಿವಿಯಲ್ಲಿ ಅದೇ ಅದೇ. ಮನೆಯಲ್ಲಿ ಮಕ್ಕಳಿರುವ ಪ್ರತಿ ತಾಯಿಯ ಪ್ರಶ್ನೆ ಒಂದೇ: ಅಡುಗೆಮನೆ ಡಬ್ಬಿಯಲ್ಲಿರುವ ಈ ಪೊಟ್ಟಣ ಏನು ಮಾಡಲಿ? ನೆಸ್ಲೆ ಕಂಪನಿ ಸುರಕ್ಷಿತ ಅನ್ನುತ್ತಿತ್ತು. ಆದರೆ ಅದು ಒಣ ಹೇಳಿಕೆಯ ಭಾಷೆ. ಕಂಪನಿಯ ಜಾಗತಿಕ ಮುಖ್ಯಸ್ಥ ಪಾಲ್ ಬುಲ್ಕೆ ದೆಹಲಿಗೆ ಬಂದು ಪತ್ರಕರ್ತರ ಮುಂದೆ ಕೂತದ್ದು ಜೂನ್ 5ರಂದು. ಮಾರುಕಟ್ಟೆಯಿಂದ ವಾಪಸ್ ಪಡೆಯುತ್ತೇವೆ ಅಂದರು. ಅದೇ ದಿನ ಆಹಾರ ಸುರಕ್ಷತಾ ಪ್ರಾಧಿಕಾರದ ನಿಷೇಧವೂ ಬಂತು.

ಆಮೇಲಿನದ್ದು ಗಮನಿಸಿ. ಆಗಸ್ಟ್ 13ರಂದು ಬಾಂಬೆ ಹೈಕೋರ್ಟ್ ಆ ನಿಷೇಧವನ್ನು ತಳ್ಳಿಹಾಕಿತು. ಮಾನ್ಯತೆ ಪಡೆದ ಮೂರು ಪ್ರಯೋಗಾಲಯಗಳಲ್ಲಿ ಮತ್ತೆ ಪರೀಕ್ಷೆ ಮಾಡಿಸಲು ಹೇಳಿತು. ಸೀಸ ಮಿತಿಯೊಳಗೇ ಇತ್ತು. ನಮ್ಮ ನಂಜನಗೂಡಿನ ಕಾರ್ಖಾನೆಯಲ್ಲೂ ಮತ್ತೆ ಕೆಲಸ ಶುರುವಾಯಿತು. ನವೆಂಬರ್ ಹೊತ್ತಿಗೆ ಅಂಗಡಿಗೆ ಬಂತು. ಆದರೆ ಅಷ್ಟರಲ್ಲಿ ಸಾವಿರಾರು ಟನ್ ಮ್ಯಾಗಿಯನ್ನು ಸಿಮೆಂಟ್ ಕಾರ್ಖಾನೆಗಳ ಕುಲುಮೆಯಲ್ಲಿ ಸುಟ್ಟಾಗಿತ್ತು.

"ನಮ್ಮದು ತಪ್ಪಿಲ್ಲ, ನಾವ್ಯಾಕೆ ಮಾತಾಡಬೇಕು" ಅಂತ ನಿಮ್ಮಲ್ಲಿ ಅನೇಕರು ಅಂದುಕೊಳ್ಳುತ್ತೀರಿ. ತಪ್ಪಿಲ್ಲದಿದ್ದಾಗಲೇ ಜಾಸ್ತಿ ಮಾತಾಡಬೇಕು ಅಂತ ನನ್ನ ಅಭಿಪ್ರಾಯ. ಪೊಟ್ಟಣದ ಮೇಲಿನ ಬ್ಯಾಚ್ ಸಂಖ್ಯೆ ಇದು, ಈ ದಿನ ಈ ಲ್ಯಾಬಿನಲ್ಲಿ ಪರೀಕ್ಷೆ ಮಾಡಿದೆವು, ಫಲಿತಾಂಶ ಇಷ್ಟು, ಅನುಮಾನ ಇದ್ದರೆ ಪೊಟ್ಟಣ ಇಲ್ಲಿ ವಾಪಸ್ ಕೊಡಿ. ದಿನಾ ಬೆಳಿಗ್ಗೆ ಹತ್ತಕ್ಕೆ ಒಂದೇ ಜಾಗದಲ್ಲಿ ಇಷ್ಟು ಬರೆದಿದ್ದರೆ ಆ ತಾಯಂದಿರಿಗೆ ಹಿಡಿಯಲು ಏನಾದರೂ ಒಂದು ಸಿಗುತ್ತಿತ್ತು.

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವುದು ಇನ್ನೊಂದು ಕಷ್ಟದ ಕೆಲಸ. 2025ರ ನವೆಂಬರ್ 18ರಂದು, ವೆಬ್‌ಸೈಟುಗಳಿಗೂ ಅವುಗಳನ್ನು ನೋಡುವವರಿಗೂ ನಡುವೆ ನಿಂತು ಕೆಲಸ ಮಾಡುವ ಕ್ಲೌಡ್‌ಫ್ಲೇರ್ ಅನ್ನುವ ಕಂಪನಿಯ ಸೇವೆ ಕೆಟ್ಟು ಲೋಕದ ಎಷ್ಟೋ ವೆಬ್‌ಸೈಟುಗಳು ತೆರೆಯಲಿಲ್ಲ. ಚಾಟ್‌ಜಿಪಿಟಿ, ಎಕ್ಸ್ (ಹಿಂದಿನ ಟ್ವಿಟರ್) ಎರಡಕ್ಕೂ ತಟ್ಟಿತು. ಅವತ್ತೇ ಕಂಪನಿಯ ಮುಖ್ಯಸ್ಥ ಮ್ಯಾಥ್ಯೂ ಪ್ರಿನ್ಸ್ ಉದ್ದದ ಬ್ಲಾಗ್ ಬರೆದರು. ಡೇಟಾಬೇಸಿನ ಅನುಮತಿಯಲ್ಲಿ ಮಾಡಿದ ಒಂದು ಬದಲಾವಣೆಯಿಂದ ಒಂದು ಫೈಲ್ ಎರಡರಷ್ಟು ದೊಡ್ಡದಾಯಿತು, ಅದನ್ನು ಓದುವ ಪ್ರೋಗ್ರಾಂ ಅಷ್ಟು ದೊಡ್ಡದನ್ನು ತಡೆದುಕೊಳ್ಳದೆ ಬಿತ್ತು. ಇದು ಕಾರಣ. ಆದರೆ ಮೊದಮೊದಲು ನಾವು ಇದನ್ನು ಯಾರೋ ಮಾಡಿದ ದೊಡ್ಡ ದಾಳಿ ಅಂತ ತಪ್ಪು ತಿಳಿದಿದ್ದೆವು ಅಂತಲೂ ಅದೇ ಬರಹದಲ್ಲಿ ಇದೆ. ತಮ್ಮ ತಪ್ಪು ಊಹೆಯನ್ನೂ ಬರೆದಿಟ್ಟರು. ಇಂಥವರು ನಾಳೆ "ಇದು ದಾಳಿ" ಅಂದರೆ ನಾನು ನಂಬುತ್ತೇನೆ.

ಜಾಗದ ವಿಷಯ ಒಂದಿದೆ. ಬೆಂಕಿ ಬಿದ್ದ ಮನೆಯೊಳಗೆ ನಿಂತು ಕೂಗಿದರೆ ಕೇಳಿಸುವುದಿಲ್ಲ. ಗಿಟ್‌ಲ್ಯಾಬ್ ಘಟನೆ ಆದ ನಾಲ್ಕೇ ವಾರಕ್ಕೆ, 2017ರ ಫೆಬ್ರವರಿ 28ರಂದು, ಬೇರೆ ಕಂಪನಿಗಳು ತಮ್ಮ ಡೇಟಾ ಇಟ್ಟುಕೊಳ್ಳುವ ಅಮೆಜಾನಿನ ಎಸ್3 ಸೇವೆ ಬಿತ್ತು. ಒಂದು ಕಮಾಂಡಿನಲ್ಲಿ ತಪ್ಪು ಟೈಪ್ ಆಗಿತ್ತು. ಯಾವ ಸೇವೆ ಸರಿ ಇದೆ, ಯಾವುದು ಇಲ್ಲ ಅಂತ ತೋರಿಸುವ ಅವರದೇ ಫಲಕವನ್ನು ಸುಮಾರು ಎರಡು ಗಂಟೆ ಅವರಿಗೇ ಬದಲಿಸಲು ಆಗಲಿಲ್ಲ. ಆ ಫಲಕ ಕೂಡ ಎಸ್3 ಮೇಲೇ ನಿಂತಿತ್ತು! ಟ್ವಿಟರಿನಲ್ಲಿ ಹೇಳಬೇಕಾಯಿತು. ಅಷ್ಟು ದೊಡ್ಡವರಿಗೇ ಹೀಗಾಗಿದೆ. ನಿಮ್ಮ ಬ್ಲಾಗ್ ಎಲ್ಲಿದೆ ಅಂತ ಇವತ್ತೇ ಹೋಗಿ ನೋಡಿ. ನಿಮ್ಮ ಸೇವೆ ಇರುವ ಸರ್ವರಿನಲ್ಲೇ ಇದ್ದರೆ ಬೇರೆ ಕಡೆಗೆ ಸಾಗಿಸಿ. ಪಾಸ್‌ವರ್ಡ್ ಒಬ್ಬರ ಹತ್ತಿರ ಮಾತ್ರ ಇರುವುದು ಬೇಡ.

ಕಾನೂನಿನ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಷೇರುಪೇಟೆಯಲ್ಲಿರುವ ಕಂಪನಿ ಆದರೆ, ಷೇರುಪೇಟೆಯ ಮೇಲೆ ಕಣ್ಣಿಡುವ ಸೆಬಿಯ ನಿಯಮ ಇದೆ. ದೊಡ್ಡ ಸಂಗತಿಯನ್ನು ಮೊದಲು ಷೇರುಪೇಟೆಗೆ ತಿಳಿಸಬೇಕು, ಬ್ಲಾಗ್ ಆಮೇಲೆ. ಸೈಬರ್ ದಾಳಿ ಆದರೆ ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್‌ನ 2022ರ ಆದೇಶದ ಪ್ರಕಾರ ಗೊತ್ತಾದ 6 ಗಂಟೆಯೊಳಗೆ ಅವರಿಗೆ ವರದಿ ಹೋಗಬೇಕು. ಈ ಗಡುವುಗಳನ್ನು ಗೋಡೆಗೆ ಅಂಟಿಸಿಕೊಳ್ಳಿ. ಸರ್ಕಾರಕ್ಕೆ 6 ಗಂಟೆಯಲ್ಲಿ ಹೇಳಲು ನಿಮ್ಮ ಹತ್ತಿರ ಮಾಹಿತಿ ಇದೆ ಅಂದ ಮೇಲೆ, ಗ್ರಾಹಕರಿಗೆ ಹೇಳಲು ಒಂದೆರಡು ಸಾಲಾದರೂ ಇದ್ದೇ ಇರುತ್ತದೆ. ವಕೀಲರನ್ನು ದೂರ ಇಡಿ ಅಂತ ನಾನು ಹೇಳುವುದಿಲ್ಲ. ಅವರನ್ನು ಮೊದಲೇ ಪಕ್ಕದಲ್ಲಿ ಕೂರಿಸಿಕೊಳ್ಳಿ. ಏನೂ ಆಗದ ಒಂದು ಮಂಗಳವಾರ, ಎರಡು ಗಂಟೆ. "ದುಡ್ಡು ಸುರಕ್ಷಿತವಾಗಿದೆ, ತಡವಾಗುತ್ತದೆ" ಅನ್ನುವ ಸಾಲನ್ನು ಯಾವ ಸಂದರ್ಭದಲ್ಲಿ ಹಾಕಬಹುದು ಅಂತ ಅವತ್ತೇ ಒಪ್ಪಿಗೆ ತೆಗೆದುಕೊಳ್ಳಿ. ಶನಿವಾರ ರಾತ್ರಿ ಎಂಟಕ್ಕೆ ಯಾವ ವಕೀಲರೂ ಹೊಸ ಸಾಲಿಗೆ ಹೂಂ ಅನ್ನುವುದಿಲ್ಲ. ಅವರ ತಪ್ಪಲ್ಲ ಅದು.

ಕೊನೆಯದಾಗಿ, ನನ್ನ ಮನಸ್ಸಿಗೆ ತುಂಬ ಹತ್ತಿರದ ವಿಷಯ. ಬೆಂಗಳೂರಿನಲ್ಲಿ ಕೂತು ನಾವು ಆಟೋ ಓಡಿಸುವವರಿಗೆ, ಕಿರಾಣಿ ಅಂಗಡಿಯವರಿಗೆ, ಹಾಲು ಹಾಕುವವರಿಗೆ ಆ್ಯಪ್ ಮಾಡುತ್ತೇವೆ. ಮಾರುವಾಗ ಕನ್ನಡದಲ್ಲಿ ಜಾಹೀರಾತು ಕೊಡುತ್ತೇವೆ. ಕೆಟ್ಟಾಗ ಮಾತ್ರ ಇಂಗ್ಲಿಷಿನಲ್ಲಿ ಬರೆಯುತ್ತೇವೆ. ಇದು ಸರಿಯಾ? 2023ರ ಡೇಟಾ ಸಂರಕ್ಷಣಾ ಕಾಯ್ದೆ ಒಪ್ಪಿಗೆ ಕೇಳುವ ನೋಟಿಸನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲೂ ಓದಲು ಅವಕಾಶ ಕೊಡಬೇಕು ಅನ್ನುತ್ತದೆ. ಅಲ್ಲಿ ಕನ್ನಡ ಇದೆ. ಒಪ್ಪಿಗೆ ಕೇಳಲು ಕನ್ನಡ ಬೇಕಾದರೆ, ತಪ್ಪು ಒಪ್ಪಿಕೊಳ್ಳಲು ಇನ್ನೂ ಬೇಕು. ಇಂಗ್ಲಿಷಿನಿಂದ ಅನುವಾದ ಮಾಡಿಸಬೇಡಿ. ಅನುವಾದ ಮಾಡಿಸಿದರೆ "ಉಂಟಾಗಿದ್ದು", "ವಿಷಾದಿಸುತ್ತೇವೆ" ಎಲ್ಲ ವಾಪಸ್ ಬರುತ್ತದೆ. ನಿಮ್ಮ ಕಚೇರಿಯಲ್ಲಿ ಗ್ರಾಹಕರ ಫೋನ್ ಎತ್ತುವ ಹುಡುಗಿ ಇದ್ದಾಳಲ್ಲ, ಅವಳನ್ನು ಕರೆದು ಕೇಳಿ, ಇದನ್ನು ನೀನು ಫೋನಿನಲ್ಲಿ ಹೇಗೆ ಹೇಳುತ್ತೀಯಮ್ಮ ಅಂತ. ಅವಳು ಹೇಳಿದ್ದನ್ನು ಬರೆದುಕೊಳ್ಳಿ. ಅಷ್ಟೇ ಸಾಕು.

(ಇಲ್ಲಿಂದ ಮುಂದೆ ಸಭಿಕರ ಪ್ರಶ್ನೆಗಳು.)

ತಪ್ಪು ಮಾಡಿದವರ ಹೆಸರು ಹಾಕಬೇಕಾ ಅಂತ ಒಬ್ಬರು ಕೇಳಿದರು.

ಬೇಡ. ಗಿಟ್‌ಲ್ಯಾಬಿನ ಕೊನೆಯ ವರದಿಯಲ್ಲಿ ಆ ಇಂಜಿನಿಯರನ್ನು "ತಂಡದ ಸದಸ್ಯ 1" ಅಂತಷ್ಟೇ ಕರೆದಿದ್ದಾರೆ. ಕೆಲಸದಿಂದ ತೆಗೆಯಲಿಲ್ಲ. "ನಾವು" ಅನ್ನಿ ಅಂದೆನಲ್ಲ, ಅದರ ಅರ್ಥವೇ ಅದು. ಹೆಸರು ಹಾಕಬೇಕಾದ್ದು ಕೆಳಗೆ, ಬರೆದವರ ಜಾಗದಲ್ಲಿ. ಅಲ್ಲಿ ಕಂಪನಿ ನಡೆಸುವವರ ಹೆಸರಿರಲಿ.

ನಾವು ಹನ್ನೆರಡು ಜನ ಇದ್ದೇವೆ, ಇಷ್ಟೆಲ್ಲ ಯಾರು ಬರೆಯುತ್ತಾರೆ ಅಂತ ಇನ್ನೊಬ್ಬರು.

ರಿಪೇರಿ ಮಾಡುವವರು ಬರೆಯಬಾರದು. ಅವರನ್ನು ಬಿಟ್ಟುಬಿಡಿ. ಒಬ್ಬರು ಅವರ ಪಕ್ಕ ಕೂತು, ಅರ್ಧ ಗಂಟೆಗೊಮ್ಮೆ ಮೂರು ಸಾಲು ಬರೆಯಲಿ. ಈಗ ಸಮಯ ಇಷ್ಟು. ನಿಮ್ಮದು ಏನು ಸುರಕ್ಷಿತ, ಏನು ಇಲ್ಲ. ಮುಂದಿನ ಸುದ್ದಿ ಎಷ್ಟು ಗಂಟೆಗೆ. ಹೊಸದು ಏನೂ ಇಲ್ಲದಿದ್ದರೂ ಹೇಳಿದ ಗಂಟೆಗೆ ಬರೆಯಬೇಕು. "ಎಂಟೂವರೆಗೆ ಹೇಳ್ತೀವಿ ಅಂದಿದ್ದೆವು, ಇನ್ನೂ ಸರಿಯಾಗಿಲ್ಲ, ಒಂಬತ್ತಕ್ಕೆ ಮತ್ತೆ ಬರೆಯುತ್ತೇವೆ" ಅಂದರೂ ಸರಿ. ಹೇಳಿದ ಹೊತ್ತಿಗೆ ಬಾರದಿದ್ದರೆ ಮಾತ್ರ ಜನ ಗಾಬರಿಯಾಗುತ್ತಾರೆ.

ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಯುವಕ ಕೊನೆಗೆ ಕೇಳಿದ: ಆ ಕೋಲಾರದವರಿಗೆ ಏನಾಯಿತು?

ಭಾನುವಾರ ಹನ್ನೊಂದು ಗಂಟೆಗೆ ಅವರ ದುಡ್ಡು ಪೂರ್ತಿ ಬಂತು. ಸೋಮವಾರ ನಾನೇ ಫೋನ್ ಮಾಡಿದೆ. ಬೆಳಿಗ್ಗೆ ನಾಲ್ಕಕ್ಕೆ ಮಂಡಿಯಲ್ಲಿ ಗುರುತಿನವರ ಹತ್ತಿರ ಬಡ್ಡಿಗೆ ತೆಗೆದುಕೊಂಡು ಸರಿದೂಗಿಸಿದ್ದರು. ನನ್ನ ಮೇಲೆ ಸಿಟ್ಟು ಮಾಡಲಿಲ್ಲ. "ಲೇಟು ಅಂತ ರಾತ್ರಿನೇ ಹೇಳಿದ್ರೆ ಮೇಡಂ," ಅಂದರು, "ನಮ್ಮ ಭಾವನ ಹತ್ರ ಕೇಳ್ತಿದ್ದೆ. ಅವರು ಹತ್ತೂವರೆಗೆಲ್ಲ ಮಲಗಿಬಿಡ್ತಾರೆ."